ಸಿರಿಜಾತ್ರೆಯ ಚಿಕಿತ್ಸಕ ನೆಲೆ: ಒಂದು ವಿಮರ್ಶಾತ್ಮಕ ಪರಿಶೀಲನೆ

೧

ಹಾಡು, ಕುಣಿತ, ಅಭಿನಯ, ಚಿತ್ರಗಳ ಮೂಲಕ ಮನಸ್ಸಿನ ಗಾಯಗಳನ್ನು ಮಾಯಿಸಬಹುದೆಂಬ ವಿಚಾರ ಇಂದು ವೈದ್ಯಕೀಯ ವಲಯದಲ್ಲಿಯೂ ಮನ್ನಣೆ ಪಡೆದಿದೆ. ೧೯೨೦ರ ದಶಕದಲ್ಲಿ ವಿಯೆನ್ನಾದಲ್ಲಿ ಜೇಕಬ್ ಮೊರೆನೊ ಆರಂಭಿಸಿದ ಆಶು ರಂಗಪ್ರಯೋಗಗಳಿಂದ 'ಸೈಕೋಡ್ರಾಮಾ' ಎಂಬ ಮನೋನಾಟಕ ಪದ್ಧತಿ ಬೆಳೆಯಿತು. ೧೯೭೦ರ ದಶಕದಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಹಲವು ಕಲೆಗಳನ್ನು ಒಟ್ಟಾಗಿ ಬಳಸುವ ಅಭಿವ್ಯಕ್ತಿ ಕಲಾಚಿಕಿತ್ಸೆ ವಿಶ್ವವಿದ್ಯಾನಿಲಯದ ಪಠ್ಯಕ್ರಮವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ಪ್ರಾದೇಶಿಕ ಕಚೇರಿ ೨೦೧೯ರಲ್ಲಿ ಪ್ರಕಟಿಸಿದ ವರದಿಯೊಂದು ಕಲೆ ಮತ್ತು ಆರೋಗ್ಯದ ಸಂಬಂಧ ಕುರಿತ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಗಣನೆಗೆ ತೆಗೆದುಕೊಂಡಿದೆ.

ಈ ವಿಚಾರಗಳು ನಮ್ಮ ವಿಚಾರಸಂಕಿರಣಗಳನ್ನು ತಲುಪಿದಾಗ ಒಂದು ಸಿದ್ಧ ಪ್ರತಿಕ್ರಿಯೆ ಕೇಳಿಬರುತ್ತದೆ: ಇದು ನಮ್ಮ ಜನಪದರಿಗೆ ಹೊಸತಲ್ಲ, ನಮ್ಮ ಭೂತಕೋಲ, ನಾಗಮಂಡಲ, ಸಿರಿಜಾತ್ರೆಗಳೆಲ್ಲ ಕಲಾಚಿಕಿತ್ಸೆಗಳೇ. ಈ ಮಾತಿನಲ್ಲಿ ಅಭಿಮಾನವಿದೆ, ಸತ್ಯಾಂಶವೂ ಇದೆ. ಆದರೆ ವಿಮರ್ಶೆ ಆರಂಭವಾಗಬೇಕಾದ ಕಡೆಯಲ್ಲಿಯೇ ಈ ಮಾತು ಮುಗಿದುಬಿಡುತ್ತದೆ. ಯಾರ ನೋವು, ಯಾರ ಸಮ್ಮುಖದಲ್ಲಿ, ಯಾವ ರೂಪದಲ್ಲಿ ಪ್ರಕಟವಾಗುತ್ತದೆ? ಪ್ರಕಟವಾದ ನೋವಿಗೆ ಉತ್ತರ ಕೊಡುವವರು ಯಾರು? ವಾಸಿಯಾಯಿತೆಂದು ಹೇಳುವ ಅಧಿಕಾರ ಯಾರದು? ಈ ಪ್ರಶ್ನೆಗಳನ್ನು ಬೆಳ್ತಂಗಡಿ ಪರಿಸರದ ಸಿರಿ ಆಚರಣೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ನಾಗ, ಬೆರ್ಮೆರ್ ಮುಂತಾದ ಶಕ್ತಿಗಳ ಸನ್ನಿಧಿಗಳು ಒಂದೆಡೆ ಕೂಡಿರುವ ಆರಾಧನಾ ಸ್ಥಳವನ್ನು ತುಳುನಾಡಿನಲ್ಲಿ 'ಆಲಡೆ' ಎನ್ನುತ್ತಾರೆ. ಮೂಲ್ಕಿ ಸಮೀಪದ ಕವತ್ತಾರು, ಕಾರ್ಕಳ ತಾಲ್ಲೂಕಿನ ನಂದಳಿಕೆ, ಉಡುಪಿ ಕಡೆಯ ಹಿರಿಯಡ್ಕ, ಬೆಳ್ತಂಗಡಿ ತಾಲ್ಲೂಕಿನ ನಿಡಿಗಲ್ ಮೊದಲಾದೆಡೆಗಳಲ್ಲಿ ಬೇಸಗೆಯ ಹುಣ್ಣಿಮೆಯ ಆಸುಪಾಸಿನಲ್ಲಿ ಸಿರಿಜಾತ್ರೆ ನಡೆಯುತ್ತದೆ. ಫಲವತ್ತತೆಯ ಕುರುಹಾದ ಪಿಂಗಾರವನ್ನು, ಅಂದರೆ ಅಡಕೆಯ ಹೂವನ್ನು, ಕೈಯಲ್ಲಿ ಹಿಡಿದ ಹೆಂಗಸರು ತಂಡ ತಂಡವಾಗಿ ನಿಲ್ಲುತ್ತಾರೆ. ತಂಡದ ನಾಯಕನಾದ ಪುರುಷನಿಗೆ 'ಕುಮಾರ' ಎಂದು ಹೆಸರು. ಆತ ಸಿರಿಯ ಸಂಧಿಯನ್ನು ಹಾಡುತ್ತ ಕರೆಯತೊಡಗಿದಂತೆ ಹೆಂಗಸರಿಗೆ ದರ್ಶನ ಬರುತ್ತದೆ. ಒಬ್ಬಳು ಸಿರಿಯಾಗುತ್ತಾಳೆ, ಒಬ್ಬಳು ಸೊನ್ನೆಯಾಗುತ್ತಾಳೆ, ಇನ್ನೊಬ್ಬಳು ಗಿಂಡೆ, ಮತ್ತಿಬ್ಬರು ಅಬ್ಬಗೆ–ದಾರಗೆಯರು. ಹಾಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುತ್ತದೆ. ಕಥೆ ಹಾಡುತ್ತಿದ್ದವರು ಕಥೆಯೊಳಗಿನವರಾಗಿ ಮಾತನಾಡತೊಡಗುತ್ತಾರೆ.

ಈ ಸಾಲಿನಲ್ಲಿ ವರ್ಷವರ್ಷವೂ ಬರುವ ಅನುಭವಿ ಹೆಂಗಸರ ಜೊತೆಗೆ ಮೊದಲ ಬಾರಿಗೆ ತರಲ್ಪಟ್ಟವರೂ ಇರುತ್ತಾರೆ. ಮಾತು ಬಿಟ್ಟವಳು, ಊಟ ಸೇರದವಳು, ಕಾರಣವಿಲ್ಲದೆ ಅಳುವವಳು, ಇದ್ದಕ್ಕಿದ್ದಂತೆ ಮೈನಡುಗಿ ಬೀಳುವವಳು ಎಂದು ಮನೆಯವರು ಅವರನ್ನು ವಿವರಿಸುತ್ತಾರೆ. ಕುಮಾರ ಮತ್ತು ಹಿರಿಯ ಸಿರಿಗಳು ಸುತ್ತ ನಿಂತು ಹೊಸಬಳನ್ನು ಪ್ರಶ್ನಿಸುತ್ತಾರೆ. ನೀನು ಯಾರು, ಎಲ್ಲಿಂದ ಬಂದೆ, ಯಾತಕ್ಕೆ ಈ ಮಗಳನ್ನು ಹಿಡಿದೆ ಎಂಬುದು ಪ್ರಶ್ನೆಗಳ ಸಾರ. ಉತ್ತರ ಕೂಡಲೇ ಬರುವುದಿಲ್ಲ. ಕೆಲವೊಮ್ಮೆ ಆ ರಾತ್ರಿ ಬರುವುದೇ ಇಲ್ಲ. ಆಗ ಮುಂದಿನ ವರ್ಷಕ್ಕೆ ಮಾತು ಉಳಿಯುತ್ತದೆ.

೩

ಈ ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂಬುದನ್ನು ಸಿರಿಯ ಕಥೆ ಮೊದಲೇ ಸಿದ್ಧಪಡಿಸಿ ಇಟ್ಟಿದೆ. ಸತ್ಯನಾಪುರದ ಮಕ್ಕಳಿಲ್ಲದ ಅಜ್ಜೆರ್‌ಗೆ ಬೆರ್ಮೆರ್ ದಯೆಯಿಂದ ದೊರೆತವಳು ಸಿರಿ. ಬಸರೂರಿನ ಕಾಂತು ಪೂಂಜನೊಂದಿಗೆ ಅವಳ ಮದುವೆಯಾಗುತ್ತದೆ. ಗರ್ಭಿಣಿ ಸಿರಿಯ ಬಯಕೆ ಮದುವೆಗೆಂದು ತಂದ ಸೀರೆಯನ್ನು ಗಂಡ ಮೊದಲು ಸಿದ್ದು ಎಂಬ ಸೂಳೆಗೆ ಉಡಿಸಿರುತ್ತಾನೆ. ಇದನ್ನರಿತ ಸಿರಿ ಆ ಸೀರೆಯನ್ನು ತಿರಸ್ಕರಿಸುತ್ತಾಳೆ. ಮುಂದೆ ಅಜ್ಜೆರ್ ತೀರಿಕೊಂಡಾಗ ಅರಮನೆಯ ಹಕ್ಕಿನ ವಿವಾದ ಹುಟ್ಟುತ್ತದೆ, ಗಂಡ ಅವಳ ಪರ ನಿಲ್ಲುವುದಿಲ್ಲ. ಸಿರಿ ತಾನೇ ಗಂಡನನ್ನು ಬಿಡುತ್ತಾಳೆ, ಅರಮನೆಗೆ ಶಾಪ ಕೊಟ್ಟು ಹೊರಡುತ್ತಾಳೆ. ದಾರಿಯಲ್ಲಿ ಹಸುಗೂಸು ಕುಮಾರ ಮಾಯವಾಗುತ್ತಾನೆ. ಬಳಿಕ ಸಿರಿ ಕೊಡ್ಸರ ಆಳ್ವನನ್ನು ಮದುವೆಯಾಗಿ, ಸವತಿ ಸಾಮುವಿನೊಂದಿಗೆ ಒಡಹುಟ್ಟಿದವಳಂತೆ ಹೊಂದಿಕೊಳ್ಳುತ್ತಾಳೆ. ಅವಳ ಮಗಳು ಸೊನ್ನೆಗೆ ಬಹುಕಾಲ ಮಕ್ಕಳಾಗುವುದಿಲ್ಲ. ಹರಕೆಯಿಂದ ಹುಟ್ಟಿದ ಅವಳಿಗಳಾದ ಅಬ್ಬಗೆ–ದಾರಗೆಯರು, ಆ ಹರಕೆಯನ್ನು ಹೆತ್ತವರು ಮರೆತ ಕಾರಣ, ಚೆನ್ನೆಮಣೆ ಆಟದ ಜಗಳದಲ್ಲಿ ಇಲ್ಲವಾಗುತ್ತಾರೆ. ಒಬ್ಬಳು ಮಣೆಯ ಏಟಿಗೆ ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಿಷೇಧ ಇಂದಿಗೂ ಈ ಕಡೆಯ ಮನೆಗಳಲ್ಲಿದೆ.

ಈ ಕಥಾಸರಣಿಯನ್ನು ಹೆಣ್ಣಿನ ಬದುಕಿನ ಸಂಕಟಗಳ ಒಂದು ಪಟ್ಟಿಯಾಗಿಯೂ ಓದಬಹುದು. ಬಸುರಿಯ ಅವಮಾನ, ಗಂಡನ ಪರಸ್ತ್ರೀ ಸಂಗ, ತವರಿನ ಆಸ್ತಿಯ ತಕರಾರು, ಸವತಿಯ ಮನೆ, ಬಂಜೆತನದ ನಿಂದೆ, ಒಡಹುಟ್ಟಿದವರ ಮತ್ಸರ, ಹೆತ್ತವರ ಅಲಕ್ಷ್ಯ: ಹೀಗೆ ಮೂರು ತಲೆಮಾರುಗಳ ಹೆಂಗಸರಿಗೆ ಹಂಚಿದ ನೋವುಗಳು ಇಲ್ಲಿವೆ. ಹೊಸಬಳು 'ನಾನು ಸೊನ್ನೆ' ಎಂದಾಗ ತನ್ನ ಕಷ್ಟವನ್ನು ತಾನಾಗಿ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೆರೆದವರಿಗೆಲ್ಲ ಸೊನ್ನೆಯ ಕಥೆ ಗೊತ್ತು. ಪಾತ್ರದ ಹೆಸರೇ ಅರ್ಧ ನಿವೇದನೆ. ಮನೆಯಲ್ಲಿ ಸೊಸೆಯಾಗಿ ಆಡಲಾಗದ ಮಾತನ್ನು ಆಲಡೆಯಲ್ಲಿ ಸಿರಿಯಾಗಿ ಆಡಿದಾಗ ಮಾವನೂ ಕೈಮುಗಿದು ಕೇಳಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪ್ರಶ್ನೆ ಕೇಳುವ ಪುರುಷ ಕಥೆಯಲ್ಲಿ ಗಂಡನೂ ಅಲ್ಲ, ತಂದೆಯೂ ಅಲ್ಲ; ಆತ ಸಿರಿಯ ಮಗ. ಹಸುಳೆಯಾಗಿದ್ದಾಗಲೇ ತಾಯಿಯಿಂದ ಅಗಲಿದವನು ಆಕೆಯನ್ನು ಕರೆಯಲು ಬಂದಿದ್ದಾನೆ ಎಂಬ ಕಥಾಸಂದರ್ಭ ಆ ವಿಚಾರಣೆಗೆ ಹಿನ್ನೆಲೆಯಾಗಿರುತ್ತದೆ. ಆದ್ದರಿಂದ ಅವನ ಗದರಿಕೆಯಲ್ಲಿಯೂ ಬೇಡಿಕೆಯ ಧ್ವನಿಯಿದೆ. ಗಂಡಿನ ಅಧಿಕಾರವನ್ನು ಒಂದು ರಾತ್ರಿಯ ಮಟ್ಟಿಗಾದರೂ ಮಗುವಿನ ಸ್ಥಾನಕ್ಕಿಳಿಸಿದ ಈ ವಿನ್ಯಾಸ, ಹೆಣ್ಣಿನ ಕಡೆಯಿಂದ ಕುಲವನ್ನು ಎಣಿಸುವ ಅಳಿಯಕಟ್ಟಿನ ನೆಲದಲ್ಲಿ ಮೂಡಿದ್ದು ಆಕಸ್ಮಿಕವಲ್ಲ.

೪

ಸಿರಿ ಆಚರಣೆಯನ್ನು ಅಂತರರಾಷ್ಟ್ರೀಯ ವಿದ್ವತ್ತಿನ ಗಮನಕ್ಕೆ ತಂದವರಲ್ಲಿ ಪೀಟರ್ ಕ್ಲಾಸ್ ಪ್ರಮುಖರು. ೧೯೭೫ರಲ್ಲಿ ಅವರು ಸಿರಿ ಪುರಾಣ ಮತ್ತು ಆಚರಣೆಯನ್ನು ಸಾಮೂಹಿಕ ಆವೇಶದ ಪಂಥವಾಗಿ ವಿವೇಚಿಸಿದರು. ೧೯೭೯ರ ಲೇಖನದಲ್ಲಿ, ಕರೆಯದೆ ಬಂದು ಪೀಡಿಸುವ ಆವೇಶ ಮತ್ತು ಸಮಾಜಸಮ್ಮತವಾದ ಪಾತ್ರಿಯ ಮಾಧ್ಯಮಸ್ಥಿತಿ ಇವೆರಡರ ನಡುವಣ ಭೇದವನ್ನು ತುಳು ಮೌಖಿಕ ಪರಂಪರೆಯ ಬೆಳಕಿನಲ್ಲಿ ಸ್ಪಷ್ಟಪಡಿಸಿದರು. ಈ ಭೇದ ನಮ್ಮ ಚರ್ಚೆಗೆ ಬಹಳ ಉಪಯುಕ್ತ. ಆಲಡೆಯಲ್ಲಿ ಆವೇಶವನ್ನು ಬಿಡಿಸುವುದಿಲ್ಲ. ಅದಕ್ಕೆ ಹೆಸರು, ಹಾಡು, ದಿನ, ಸ್ಥಳಗಳನ್ನು ಕೊಟ್ಟು ಶಿಸ್ತಿಗೆ ಒಳಪಡಿಸುತ್ತಾರೆ. ಅಡುಗೆಮನೆಯಲ್ಲಿ ಹೇಳದೆ ಕೇಳದೆ ಬರುತ್ತಿದ್ದುದು ಇನ್ನು ಮುಂದೆ ವರ್ಷಕ್ಕೊಮ್ಮೆ ಹುಣ್ಣಿಮೆಯಂದು ಬರತಕ್ಕದ್ದು. ಮಾಂತ್ರಿಕನ ಉಚ್ಚಾಟನೆಗೂ ಸಿರಿಯ ವಿಧಾನಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದೇ.

ಮನೋವೈದ್ಯರ ಕಡೆಯಿಂದ ಬಂದ ಮಹತ್ವದ ಅಧ್ಯಯನ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರದು. ಕರಾವಳಿಯ ಕೋಟ ಗ್ರಾಮವನ್ನು ಆಧರಿಸಿ ೧೯೭೬ರಲ್ಲಿ ಪ್ರಕಟವಾದ ಅವರ ಗ್ರಂಥ ಮಾನಸಿಕ ತೊಂದರೆಗಳ ಸಮೀಕ್ಷೆಯ ಜೊತೆಗೆ ವೈದ್ಯ, ಮಂತ್ರವಾದಿ, ಪಾತ್ರಿಗಳೆಂಬ ಮೂರು ಬಗೆಯ ಸ್ಥಳೀಯ ಚಿಕಿತ್ಸಕರನ್ನೂ ಗಂಭೀರವಾಗಿ ಪರಿಗಣಿಸಿತು. ಜನರು ಇವರಲ್ಲಿ ಒಬ್ಬರನ್ನು ಆರಿಸಿಕೊಂಡು ಮತ್ತೊಬ್ಬರನ್ನು ಬಿಡುವುದಿಲ್ಲ. ಆಸ್ಪತ್ರೆಯ ಮಾತ್ರೆಯೂ ದೈವದ ಗಂಧಪ್ರಸಾದವೂ ಒಂದೇ ಕೈಚೀಲದಲ್ಲಿರುವುದನ್ನು ಈ ಕಡೆ ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು.

ಮೂರನೆಯದು ಜಾನಪದ ವಿದ್ವಾಂಸರ ಕೊಡುಗೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಅನೇಲಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಂದಿಗೆ ೧೯೯೦ರ ಡಿಸೆಂಬರಿನಲ್ಲಿ ದಾಖಲಿಸಿದರು. ೧೫,೬೮೩ ಸಾಲುಗಳ ಆ ಪಠ್ಯ ೧೯೯೮ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಅಕ್ಷರಲೋಕದ ಹೊರಗಿದ್ದ ಒಬ್ಬ ಗಾಯಕನ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯವಿದೆಯೆಂದು ತೋರಿಸಿಕೊಟ್ಟದ್ದು ಮೌಖಿಕ ಮಹಾಕಾವ್ಯದ ಅಧ್ಯಯನದಲ್ಲಿ ದೊಡ್ಡ ಘಟ್ಟ. ಇದಕ್ಕೆ ಪೂರಕವಾಗಿ ಎ.ವಿ. ನಾವಡರು ಸಂಪಾದಿಸಿದ 'ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ' ಹೆಣ್ಣೊಬ್ಬಳ ಬಾಯಿಂದ ಬಂದ ಪಠ್ಯವನ್ನು ಕನ್ನಡ ಓದುಗರ ಮುಂದಿಟ್ಟಿತು.

ಈ ಸಾಧನೆಗಳ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಗೋಪಾಲ ನಾಯ್ಕರು ಗಾಯಕರಷ್ಟೇ ಅಲ್ಲ, ಸಿರಿ ತಂಡದ ನಾಯಕರೂ ಹೌದು. ಗದ್ದೆಯ ನಾಟಿಯ ಹಾಡು, ಜಾತ್ರೆಯ ರಾತ್ರಿಯ ಕರೆ, ಸಂಶೋಧಕರ ಮುಂದೆ ಹಾಡಿದ ದೀರ್ಘಕಾವ್ಯ ಇವು ಮೂರೂ ಬೇರೆ ಬೇರೆ ಪ್ರದರ್ಶನಗಳು. ದೀರ್ಘ ರೂಪ ಸಂಶೋಧಕರ ಕೋರಿಕೆಯಿಂದ ಮೂಡಿತೆಂಬುದನ್ನು ಹೊಂಕೊ ಮರೆಮಾಚಿಲ್ಲ. ಆದರೆ ಆ ಬಳಿಕ ನಮ್ಮ ವಿಶ್ವವಿದ್ಯಾನಿಲಯಗಳ ಚರ್ಚೆ ಹೆಚ್ಚಾಗಿ ಹರಿದದ್ದು ಮಹಾಕಾವ್ಯದ ದಿಕ್ಕಿಗೆ. ಸಾಲುಗಳ ಸಂಖ್ಯೆ, ಸೂತ್ರಗಳು, ಪಠ್ಯೀಕರಣ ಇವು ಮುಖ್ಯವಾದವು. ಗುಣಪಡಿಸುವ ಹಾಡಾದರೋ ಪೂರ್ಣ ಕಾವ್ಯವಲ್ಲ. ಅದು ತುಂಡಾದದ್ದು, ಎದುರಿಗೆ ನಿಂತ ಹೆಂಗಸಿನ ಮೌನಕ್ಕೆ ತಕ್ಕಂತೆ ನಿಂತು ಹಿಂದೆ ಮುಂದೆ ಹೋಗುವಂಥದ್ದು. ಮುದ್ರಿತ ಪುಟದಲ್ಲಿ ಆ ಮೌನಕ್ಕೆ ಸ್ಥಳವಿಲ್ಲ.

೫

ಹಾಗಾದರೆ ಸಿರಿಯ ಗುಣಕಾರಕ ಶಕ್ತಿ ಎಲ್ಲಿದೆ? ಸಾಮಾನ್ಯವಾಗಿ ಹೇಳುವ ಉತ್ತರ ಭಾವವಿರೇಚನದ್ದು: ಒಳಗೆ ಅದುಮಿಟ್ಟ ದುಃಖ ಕುಣಿತ, ಅಳು, ಹಾಡುಗಳಲ್ಲಿ ಹೊರಬಂದು ಮನಸ್ಸು ಹಗುರವಾಗುತ್ತದೆ ಎಂಬುದು. ಈ ವಿವರಣೆ ಸಾಲದು. ಬರೀ ಅಳುವಿನಿಂದ ಹಗುರವಾಗುವುದಾದರೆ ಮನೆಯಲ್ಲಿಯೇ ಆಗಬೇಕಿತ್ತು.

ಕ್ಲಾಡ್ ಲೆವಿಸ್ಟ್ರಾಸ್ ೧೯೪೯ರ ಪ್ರಸಿದ್ಧ ಲೇಖನದಲ್ಲಿ ಪನಾಮಾದ ಕೂನಾ ಸಮುದಾಯದ ಹೆರಿಗೆಯ ಹಾಡನ್ನು ವಿಶ್ಲೇಷಿಸುತ್ತ, ಹೇಳಲಾಗದ ಬೇನೆಗೆ ಹೇಳಬಲ್ಲ ಭಾಷೆಯನ್ನು ಮಂತ್ರವಾದಿ ಒದಗಿಸುತ್ತಾನೆಂದು ವಾದಿಸಿದರು. ಸಿರಿಯ ಸಂದರ್ಭಕ್ಕೆ ಇದು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಕೂನಾ ಹಾಡಿನಲ್ಲಿ ಮಂತ್ರವಾದಿ ಹಾಡುತ್ತಾನೆ, ಬೇನೆ ತಿನ್ನುವವಳು ಕೇಳುತ್ತಾಳೆ. ಆಲಡೆಯಲ್ಲಿ ನೊಂದವಳೇ ಹಾಡಬೇಕು. ಅವಳು ಒಂದು ಸಾಲು ಹಿಡಿಯುವವರೆಗೆ ಉಳಿದವರು ಕಾಯುತ್ತಾರೆ. ಮೊರೆನೊನ ಮನೋನಾಟಕದಲ್ಲಿಯೂ ನೊಂದವರೇ ಪಾತ್ರಧಾರಿಗಳು. ಆದರೆ ಅಲ್ಲಿ ವ್ಯಕ್ತಿ ತನ್ನ ಸ್ವಂತ ಜೀವನದ ಘಟನೆಯನ್ನು ಅಭಿನಯಿಸುತ್ತಾನೆ, ತಂದೆಯಾಗಿಯೋ ಹೆಂಡತಿಯಾಗಿಯೋ ಬೇರೊಬ್ಬರು ನಟಿಸುತ್ತಾರೆ. ಸಿರಿಯಲ್ಲಿ ಕಥೆ ಎಲ್ಲರದು. ಎದುರಿಗೆ ನಿಂತ ತಂದೆ, ಗಂಡ, ಅತ್ತೆಯರು ಮಾತ್ರ ನಿಜವಾದವರು.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಈ ಕೊನೆಯ ಅಂಶ. ಹೊಸಬಳು ಹೆಸರು ಹೇಳಿದ ಮೇಲೆ ಕುಮಾರ ಅವಳ ಕಡೆಯಿಂದ ಮನೆಯವರ ಕಡೆಗೆ ತಿರುಗುತ್ತಾನೆ. ಯಾವ ಹರಕೆ ಬಾಕಿಯಿದೆ, ಯಾವ ನಾಗನ ಕಟ್ಟೆ ಪಾಳುಬಿದ್ದಿದೆ, ಯಾರ ಪಾಲು ಯಾರಿಗೆ ಸಂದಿಲ್ಲ, ಈ ಮಗಳನ್ನು ಹೇಗೆ ನೋಡಿಕೊಂಡಿದ್ದೀರಿ ಎಂಬ ವಿಚಾರಣೆ ನಡೆಯುತ್ತದೆ. ಮನೆಯ ಹಿರಿಯರು ಊರವರೆದುರು ಮಾತು ಕೊಡುತ್ತಾರೆ. ರೋಗ ಹೆಂಗಸಿನ ಮೈಯಿಂದ ಕುಟುಂಬದ ಲೆಕ್ಕಕ್ಕೆ ವರ್ಗಾವಣೆಯಾಗುವ ಕ್ಷಣ ಅದು. ಹಾಡು ಈ ವರ್ಗಾವಣೆಯನ್ನು ಸಾಧ್ಯಗೊಳಿಸುತ್ತದೆ, ಪೂರ್ತಿಗೊಳಿಸುವುದು ಮನೆಯವರ ಮಾತು. ಆದ್ದರಿಂದ ಸಿರಿಯನ್ನು ಕಲಾಚಿಕಿತ್ಸೆ ಎಂದು ಕರೆಯುವಾಗ, ಇಲ್ಲಿ ಕಲೆ ಚಿಕಿತ್ಸೆಯ ಅರ್ಧ ಭಾಗ ಮಾತ್ರವೆಂಬುದನ್ನು ಮರೆಯಬಾರದು. ಉಳಿದರ್ಧ ಒಂದು ಬಗೆಯ ಪಂಚಾಯತಿಕೆ.

ಇದರ ಜೊತೆಗೆ ಕಾಲದ ಪಾತ್ರವನ್ನೂ ಗುರುತಿಸಬೇಕು. ಒಮ್ಮೆ ಸಿರಿಯಾದವಳು ಮುಂದೆಯೂ ಸಿರಿಯೇ. ಪ್ರತಿವರ್ಷ ಅವಳು ಅದೇ ತಂಡದೊಂದಿಗೆ ಕೂಡುತ್ತಾಳೆ. ಹೊಸಬಳಾಗಿ ನಡುಗುತ್ತ ಬಂದವಳು ಕೆಲವು ವರ್ಷಗಳಲ್ಲಿ ಇನ್ನೊಬ್ಬ ಹೊಸಬಳ ಕೈಹಿಡಿದು ನಿಲ್ಲುವ ಹಿರಿಯಳಾಗುತ್ತಾಳೆ. ಮದುವೆಯಾಗಿ ಬಂದ ಊರಿನಲ್ಲಿ ಸ್ವಂತದವರೆಂಬವರಿಲ್ಲದ ಹೆಂಗಸಿಗೆ ಇದೊಂದು ಬಳಗ. ಕಥೆಯಲ್ಲಿ ಸಿರಿ ಸವತಿಯೊಂದಿಗೆ ಕಟ್ಟಿಕೊಂಡ ಅಕ್ಕತಂಗಿತನಕ್ಕೆ ಇದು ಸಮೀಪವಾದುದು.

೬

ಇಷ್ಟಾದರೂ ಸಿರಿಯನ್ನು ಪ್ರಶ್ನಾತೀತವಾಗಿ ಕೊಂಡಾಡುವಂತಿಲ್ಲ. ಮೊದಲನೆಯದಾಗಿ, ಕಾವ್ಯಕ್ಕೂ ಆಚರಣೆಗೂ ನಡುವೆ ಒಂದು ಬಿರುಕಿದೆ. ಕಾವ್ಯದ ಸಿರಿ ಅನ್ಯಾಯದ ಮನೆಯನ್ನು ಬಿಟ್ಟು ಹೊರಟವಳು, ಆಚರಣೆಯ ಸಿರಿಯಾದರೋ ಬೆಳಗಾಗುವಷ್ಟರಲ್ಲಿ ಅದೇ ಮನೆಗೆ ಹಿಂದಿರುಗುವವಳು. ಗಂಡನನ್ನು ತ್ಯಜಿಸಿದ ನಾಯಕಿಯ ಹೆಸರಿನಲ್ಲಿ ಹೆಣ್ಣನ್ನು ಗಂಡನ ಮನೆಗೆ ಹೊಂದಿಸುವ ಕಾರ್ಯ ನಡೆಯುತ್ತದೆ. ಇದನ್ನು ಪ್ರತಿಭಟನೆಯೆಂದು ಓದುವವರು ಕಾವ್ಯವನ್ನು ಮಾತ್ರ ನೋಡುತ್ತಾರೆ, ಅಧೀನತೆಯೆಂದು ಓದುವವರು ಆಚರಣೆಯನ್ನು ಮಾತ್ರ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿದಾಗ ಕಾಣುವುದು ಒಂದು ಒಪ್ಪಂದ. ಮನೆ ಬಿಡುವ ಸಾಧ್ಯತೆಯನ್ನು ಎಲ್ಲರ ಕಿವಿಗೆ ಹಾಡಿ ಕೇಳಿಸಿದ ಮೇಲೆ ಅವಳು ಹಿಂದಿರುಗುತ್ತಾಳೆ. ಆ ಒಪ್ಪಂದ ಉಳಿಯುವುದೂ ಮುರಿಯುವುದೂ ಮನೆಯವರು ಕೊಟ್ಟ ಮಾತನ್ನು ಅವಲಂಬಿಸಿದೆ.

ಎರಡನೆಯದಾಗಿ, ಆ ಮಾತಿಗೆ ಆಧಾರವಾಗಿದ್ದ ಕುಟುಂಬವ್ಯವಸ್ಥೆಯೇ ಬದಲಾಗಿದೆ. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ, ೧೯೭೦ರ ದಶಕದ ಭೂಸುಧಾರಣೆ ಇವುಗಳ ಬಳಿಕ ಗುತ್ತು ಬೀಡುಗಳ ಕೂಡುಕುಟುಂಬಗಳು ಪಾಲಾದವು. ಊರವರೆದುರು ಮಾತು ಕೊಡಬೇಕಾದ ಹಿರಿಯ ಇಂದು ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರಬಹುದು. ಹಾಡು ಉಳಿದು ಉತ್ತರ ಕೊಡುವವರು ಇಲ್ಲವಾದರೆ ಆಚರಣೆಯ ಗುಣಕಾರಕ ಅಂಶ ಕುಗ್ಗಿ ದೃಶ್ಯವೈಭವ ಮಾತ್ರ ಉಳಿಯುತ್ತದೆ. ವೇದಿಕೆಗಳ ಮೇಲೆ ಹದಿನೈದು ನಿಮಿಷಕ್ಕೆ ಇಳಿಸಿದ ಸಿರಿ ದರ್ಶನದ ಪ್ರದರ್ಶನಗಳು ಈ ಅಪಾಯದ ಸೂಚನೆಗಳು.

ಮೂರನೆಯ ಮಿತಿ ಅತ್ಯಂತ ಗಂಭೀರವಾದುದು. ಎಲ್ಲ ಕಾಯಿಲೆಯೂ ಕುಟುಂಬದ ಬಾಕಿಯಲ್ಲ. ತೀವ್ರ ಖಿನ್ನತೆ, ಚಿತ್ತವಿಕಲತೆ, ಅಪಸ್ಮಾರ, ಬಾಣಂತಿಯ ಉನ್ಮಾದಗಳಿಗೆ ವೈದ್ಯರ ಔಷಧ ಬೇಕು. ಮುಂದಿನ ಹುಣ್ಣಿಮೆಯವರೆಗೆ ಕಾದರೆ ಜೀವಕ್ಕೆ ಅಪಾಯ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಗುಣವಾಗುವರೆಂಬ ನಂಬಿಕೆಯಿಂದ ತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಲ್ಲಿ ೨೮ ಮಂದಿ ಬೆಂಕಿಗೆ ಬಲಿಯಾದರು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಇದಕ್ಕೆ ಎದುರಾಗಿ, ತಮಿಳುನಾಡಿನದೇ ಇನ್ನೊಂದು ಗ್ರಾಮದೇವಾಲಯದಲ್ಲಿ ತಂಗಿದ್ದ ೩೧ ಮಂದಿಯನ್ನು ಪರೀಕ್ಷಿಸಿದ ಮನೋವೈದ್ಯರ ವರದಿ ೨೦೦೨ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಶೇಕಡ ೨೦ರಷ್ಟು ಇಳಿದಿದ್ದವು. ಅಲ್ಲಿ ವಿಶೇಷ ವಿಧಿಗಳೇನೂ ಇರಲಿಲ್ಲ. ಬೈಯದ, ಹೊಡೆಯದ, ಸಣ್ಣಪುಟ್ಟ ಕೆಲಸ ಕೊಟ್ಟು ಜೊತೆಗಿರಿಸಿಕೊಳ್ಳುವ ಪರಿಸರವಿತ್ತು. ಈ ಎರಡು ಉದಾಹರಣೆಗಳನ್ನು ಒಟ್ಟಿಗಿಟ್ಟಾಗ, ಪವಿತ್ರಸ್ಥಳವೆಂಬ ಕಾರಣಕ್ಕೆ ಗುಣವೂ ಬರುವುದಿಲ್ಲ, ದೋಷವೂ ಬರುವುದಿಲ್ಲ, ನೊಂದವರನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದೇ ಅಳತೆಗೋಲು ಎಂಬುದು ಸ್ಪಷ್ಟವಾಗುತ್ತದೆ.

೭

ಕೊನೆಯದಾಗಿ ಸಂಶೋಧಕರಾದ ನಮ್ಮ ಹೊಣೆಯ ಕುರಿತು ಒಂದು ಮಾತು. ಜಾನಪದ ಕ್ಷೇತ್ರಕಾರ್ಯ ಜಾತ್ರೆಯ ರಾತ್ರಿಗೆ ಹೋಗುತ್ತದೆ, ಬೆಳಗಾಗುತ್ತಲೇ ಹಿಂದಿರುಗುತ್ತದೆ. ಡಾಕ್ಟರೇಟಿಗಾಗಿ ಈ ಲೇಖಕ ಮಾಡಿಕೊಂಡ ಟಿಪ್ಪಣಿಗಳೂ ಹಾಗೆಯೇ ಇವೆ. ಹಾಡಿನ ಪಾಠಾಂತರಗಳು, ಪಿಂಗಾರದ ಸಂಕೇತಾರ್ಥ, ಕುಮಾರನ ವೇಷಭೂಷಣ ಇವೆಲ್ಲ ಅವುಗಳಲ್ಲಿ ವಿವರವಾಗಿವೆ. ಮೊದಲ ಬಾರಿ ನಿಂತ ಹುಡುಗಿ ಮರುದಿನ ಊಟ ಮಾಡಿದಳೇ, ಆರು ತಿಂಗಳ ಬಳಿಕ ಹೇಗಿದ್ದಾಳೆ, ಮನೆಯವರು ಕೊಟ್ಟ ಮಾತು ಏನಾಯಿತು ಎಂಬ ವಿಷಯಕ್ಕೆ ಒಂದು ಪುಟವೂ ಇಲ್ಲ. ಚಿಕಿತ್ಸಕ ಶಕ್ತಿಯ ಬಗ್ಗೆ ಬರೆಯುವವರಿಗೆ ಇದು ಸಣ್ಣ ಲೋಪವಲ್ಲ. ಆಲಡೆಯಿಂದ ಹೊರಟ ಹೆಂಗಸಿನ ಹಿಂದೆ, ಅವಳ ಒಪ್ಪಿಗೆ ಪಡೆದು, ಅವಳ ಮನೆಯ ಅಂಗಳದವರೆಗೆ ಹೋಗದೆ ಸಿರಿ ಗುಣಪಡಿಸುತ್ತಾಳೆ ಎನ್ನುವುದೂ ತಪ್ಪು, ಗುಣಪಡಿಸುವುದಿಲ್ಲ ಎನ್ನುವುದೂ ತಪ್ಪು.

ಇದಕ್ಕೆ ಜಾನಪದ ವಿದ್ವಾಂಸ, ಮನೋವೈದ್ಯ, ಗ್ರಾಮದ ಆಶಾ ಕಾರ್ಯಕರ್ತೆ ಇವರು ಒಟ್ಟಾಗಿ ಮಾಡುವ ದೀರ್ಘಾವಧಿಯ ಅಧ್ಯಯನ ಅಗತ್ಯ. ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗಕ್ಕೆ ತಂದ ಜಿಲ್ಲಾ ಮಾನಸಿಕ ಆರೋಗ್ಯ ಮಾದರಿ ದೇಶಕ್ಕೇ ಮೇಲ್ಪಂಕ್ತಿಯಾದುದನ್ನು ನೆನೆದರೆ ಕರ್ನಾಟಕಕ್ಕೆ ಇದು ಅಸಾಧ್ಯವೇನಲ್ಲ. ಅಂಥ ಅಧ್ಯಯನದಲ್ಲಿ ಕುಮಾರರೂ ಹಿರಿಯ ಸಿರಿಗಳೂ ಮಾಹಿತಿದಾತರಾಗಿ ಮಾತ್ರವಲ್ಲ, ತಿಳಿದವರಾಗಿ ಪಾಲ್ಗೊಳ್ಳಬೇಕು. ಯಾವ ಹೆಂಗಸನ್ನು ಸಾಲಿಗೆ ಸೇರಿಸಬೇಕು, ಯಾರನ್ನು ಆಸ್ಪತ್ರೆಗೆ ಕಳುಹಿಸಬೇಕು ಎಂಬ ವಿವೇಚನೆ ಅವರಲ್ಲಿಯೂ ಬೆಳೆಯಲು ಅದು ನೆರವಾದೀತು. ಸಿರಿಯ ಹಾಡನ್ನು ೧೫,೬೮೩ ಸಾಲುಗಳಲ್ಲಿ ಕೇಳಿಸಿಕೊಂಡ ವಿದ್ವತ್ತು, ಸಾಲಿನ ತುದಿಯಲ್ಲಿ ಬಾಯಿಬಿಡಲಾರದೆ ನಿಂತವಳ ಮಾತಿಗೂ ಅಷ್ಟೇ ತಾಳ್ಮೆಯಿಂದ ಕಾಯಬೇಕಾಗಿದೆ.